ರಾಜನಿಗೂ ಎಲೆಕ್ಷನ್: ಡ್ರ್ಯಾಗನ್‌ಗಳ ನಾಡಲ್ಲಿ ವೋಟು ಯಾರದ್ದು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ರೋಲ್‌ಪ್ಲೇ ಆಟದಲ್ಲಿ ರಾಜ ಸತ್ತರೆ ಮಗ ಪಟ್ಟ ಏರ್ತಾನೆ, ಇಲ್ಲಾ ಕತ್ತಿ ಮಾತಾಡುತ್ತೆ. ಮಧ್ಯಯುಗದಲ್ಲಿ ಎಲೆಕ್ಷನ್ ಎಲ್ಲಿತ್ತು ಅಂತೀರಾ? ಇತ್ತು.

ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ 1356ರ ‘ಗೋಲ್ಡನ್ ಬುಲ್’ ಶಾಸನ ರಾಜನನ್ನು ಆರಿಸುವ ಹಕ್ಕನ್ನು ಏಳೇ ಮಂದಿಗೆ ಕೊಟ್ಟಿತು: ಮೂವರು ಆರ್ಚ್‌ಬಿಷಪ್‌ಗಳು, ನಾಲ್ವರು ಅರಸರು. ನಾಲ್ಕು ವೋಟು ಬಿದ್ದರೆ ಗೆಲುವು. ಏಳು ಜನರನ್ನು ಕೊಳ್ಳೋದು ಕಷ್ಟವೇನಲ್ಲ. ಇದೇ ಪದ್ಧತಿಯಲ್ಲಿ 1519ರಲ್ಲಿ ಐದನೇ ಚಾರ್ಲ್ಸ್ ಗೆದ್ದದ್ದು, ಫುಗ್ಗರ್ ಎಂಬ ಬ್ಯಾಂಕರ್ ಮನೆತನದಿಂದ ದೊಡ್ಡ ಸಾಲ ಎತ್ತಿ, ದುಡ್ಡು ಹಂಚಿ.

ವೆನಿಸ್ ಬಳಿ ಈ ರೋಗಕ್ಕೆ ಮೊದಲೇ ಒಂದು ಮದ್ದಿತ್ತು. 1268ರಿಂದ ಅಲ್ಲಿ ದೋಜೆ, ಅಂದರೆ ಗಣರಾಜ್ಯದ ಮುಖ್ಯಸ್ಥನ ಆಯ್ಕೆಗೆ ಲಾಟರಿ, ವೋಟು ಎರಡೂ ಸುತ್ತು ಸುತ್ತಾಗಿ ನಡೆಯುತ್ತಿದ್ದವು. ಕೊನೆಗೆ ಉಳಿಯುವ 41 ಮಂದಿ ಯಾರೆಂದೇ ಗೊತ್ತಿಲ್ಲದಿದ್ದರೆ ಲಂಚ ಯಾರಿಗೆ ಕೊಡ್ತೀರಿ? ಆದರೆ ಲಾಟರಿಯೊಳಗೆ ಜಾಗ ಇದ್ದದ್ದು ಕುಲೀನ ಮನೆತನಗಳಿಗೆ ಮಾತ್ರ.

ನಿಮ್ಮ ಆಟದಲ್ಲಿ ಎಲೆಕ್ಷನ್ ಇಟ್ಟರೆ, ಗೆಲ್ಲೋದ್ಯಾರು ಅಂತ ಸುಮ್ಮನೆ ಡೈಸ್ ಉರುಳಿಸಬೇಡಿ. ವೋಟು ಯಾರಿಗಿದೆ, ದುಡ್ಡು ಯಾರದ್ದು ಅಂತ ಮೊದಲು ಕೇಳಿ. ಆಮೇಲೆ, ಗೆದ್ದವನು ಆ ಸಾಲವನ್ನ ಯಾರ ತೆರಿಗೆಯಿಂದ ತೀರಿಸ್ತಾನೆ ಅಂತ ನೋಡಿ. ಉತ್ತರ ಸಿಗೋದು ವೋಟೇ ಇಲ್ಲದ ರೈತನ ಮನೆಯಲ್ಲಿ. ನಿಜವಾದ ಕಥೆ ಶುರುವಾಗೋದೂ ಅಲ್ಲೇ.