ನಾಲ್ಕು ಕನ್ನಡ ಚಲಚ್ಚಿತ್ರಗಳು: ಒಂದು ಸಮಾನಾಶಯ

ಚಲಚ್ಚಿತ್ರವೊಂದು ನೋಡಿ ಬಹುಕಾಲವಾದ ಮೇಲೂ ನೆನಪಿನಲ್ಲಿ ಉಳಿಯುವುದಕ್ಕೆ ಕಾರಣವೇನು? ಕಥೆಯ ಕುತೂಹಲವೊಂದೇ ಕಾರಣವಾಗಲಾರದು. ಕಥೆ ತಿಳಿದೊಡನೆ ಕುತೂಹಲವು ತೀರಿಹೋಗುತ್ತದೆ. ಉತ್ತಮ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಅವುಗಳಲ್ಲಿ ಸಮಾನವಾದ ಆಶಯವೊಂದು ಹರಿಯುತ್ತಿರುವುದು ಗೋಚರಿಸುತ್ತದೆ. ಅದನ್ನು ಗುರುತಿಸುವುದೇ ರಸಗ್ರಹಣದ ಮೊದಲ ಮೆಟ್ಟಿಲೆಂದು ನಮ್ಮ ಭಾವನೆ. ಇದಕ್ಕೆ ನಿದರ್ಶನವಾಗಿ ನಾಲ್ಕು ಕನ್ನಡ ಚಿತ್ರಗಳನ್ನು ಪರಿಶೀಲಿಸೋಣ.

ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರದ ಹೆಸರನ್ನೇ ನೋಡಿರಿ. ಅಗ್ರಹಾರವೆಂದರೆ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಎಲ್ಲೆಯು ಆ ಪದದಲ್ಲಿಯೇ ಅಡಗಿದೆ. ಈ ಎಲ್ಲೆಯೇ ನಮ್ಮ ನಾಲ್ಕು ಚಿತ್ರಗಳ ವಸ್ತು.

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲಿ (1970) ಆಚಾರಭ್ರಷ್ಟನಾದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡತಕ್ಕವರಾರೆಂದು ಅಗ್ರಹಾರವೇ ತಲ್ಲಣಿಸುತ್ತದೆ. ಉತ್ತರ ಹೇಳಬೇಕಾದ ಪ್ರಾಣೇಶಾಚಾರ್ಯರೇ ಎಲ್ಲೆಯನ್ನು ದಾಟಿಬಿಡುತ್ತಾರೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ಯಲ್ಲಿ (1975) ಚೋಮನ ಬಳಿ ಎತ್ತುಗಳಿವೆ, ಉಳುವ ಶಕ್ತಿಯಿದೆ, ಆದರೆ ಅಸ್ಪೃಶ್ಯನಾದ ಅವನಿಗೆ ತನ್ನದೆನ್ನುವ ಗದ್ದೆ ದಕ್ಕದು. ಮೊದಲನೆಯದರಲ್ಲಿ ಎಲ್ಲೆಯು ಒಳಗಿನವರನ್ನು ಕಟ್ಟಿಹಾಕುತ್ತದೆ. ಎರಡನೆಯದರಲ್ಲಿ ಹೊರಗಿನವನನ್ನು ತಡೆಯುತ್ತದೆ.

ಉಳಿದೆರಡು ಚಿತ್ರಗಳು ಇದೇ ಸಂಗತಿಯನ್ನು ಬಾಲಕನ ಕಣ್ಣಿನಿಂದ ತೋರಿಸುತ್ತವೆ. ಗಿರೀಶ ಕಾರ್ನಾಡರ ‘ಕಾಡು’ (1973) ಹೆಗ್ಗಡದೇವನಕೋಟೆಯ ಸೀಮೆಯವರಾದ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದೆ. ಅದರಲ್ಲಿ ಕಿಟ್ಟಿಯು ಆಶ್ರಯಕೊಟ್ಟ ಮನೆಯ ಬಿರುಕನ್ನೂ ಎರಡು ಹಳ್ಳಿಗಳ ವೈರವನ್ನೂ ಕಾಣುತ್ತಾನೆ. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು ರೂಪಿಸಿದ ‘ಘಟಶ್ರಾದ್ಧ’ದಲ್ಲಿ (1977) ವೇದಪಾಠಕ್ಕೆ ಬಂದ ನಾಣಿಯು, ತನ್ನನ್ನು ಅಕ್ಕರೆಯಿಂದ ಕಂಡ ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧವಾಗುವುದನ್ನು ನೋಡುತ್ತಾನೆ. ಬಾಲಕನು ಎಲ್ಲವನ್ನೂ ನೋಡಬಲ್ಲನು, ಯಾವುದನ್ನೂ ತಡೆಯಲಾರನು. ಬೆಳ್ಳಿತೆರೆಯ ಮುಂದೆ ಕುಳಿತ ಪ್ರೇಕ್ಷಕನ ಸ್ಥಿತಿಯೂ ಇದೇ ಅಲ್ಲವೇ? ಆದುದರಿಂದಲೇ ನಾವು ನಾಣಿಯನ್ನು ಕಂಡು ಮರುಗುವುದಷ್ಟೇ ಅಲ್ಲ, ಅವನೊಡನೆ ತಪ್ಪಿತಸ್ಥರಂತೆ ತಲೆತಗ್ಗಿಸುತ್ತೇವೆ.

ಈ ನಾಲ್ಕೂ ಸಾಹಿತ್ಯಕೃತಿಗಳಿಂದ ಬಂದವು. ಹಾಗಿದ್ದರೆ ಕೃತಿಯನ್ನು ಓದಿದರೆ ಸಾಲದೇ ಎಂಬ ಪ್ರಶ್ನೆಯು ಸಹಜ. ಚೋಮನ ದುಡಿಯನ್ನು ಓದುಗನು ಊಹಿಸಿಕೊಳ್ಳಬೇಕು. ಪ್ರೇಕ್ಷಕನ ಎದೆಗೆ ಅದು ನೇರವಾಗಿ ಬಡಿಯುತ್ತದೆ. ಲೇಖಕನು ಮಾತಿನಲ್ಲಿ ಹೇಳಿದುದನ್ನು ಚಿತ್ರವು ಶಬ್ದದಿಂದಲೂ ಮೌನದಿಂದಲೂ ಹೇಳುತ್ತದೆ. ಮಾತು ನಿಂತೆಡೆಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಗಮನಿಸುವುದು ರಸಗ್ರಹಣದ ಎರಡನೆಯ ಮೆಟ್ಟಿಲು.

ಸಮಾನಾಶಯವನ್ನು ಹುಡುಕುವಾಗ ಒಂದು ಎಚ್ಚರಿಕೆಯೂ ಅವಶ್ಯ. ನಾಲ್ಕೂ ಒಂದೇ ಕಥೆಯೆಂದು ತಿಳಿದರೆ ತಪ್ಪಾದೀತು. ಆಚಾರ್ಯರಿಗೆ ಊರನ್ನು ಬಿಟ್ಟು ನಡೆಯುವ ದಾರಿಯಾದರೂ ಇದೆ. ಚೋಮನಿಗೂ ಯಮುನೆಗೂ ಅದಿಲ್ಲ. ಎಲ್ಲೆಯು ಒಂದೇ ಆದರೂ ಅದರ ಭಾರವು ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಸಾಮ್ಯವನ್ನು ಅರಿತ ಬಳಿಕ ಈ ಭೇದವನ್ನು ಅಳೆಯಬೇಕು. ಹಾಗೆ ಅಳೆಯಲು ನಮ್ಮನ್ನು ಮತ್ತೆ ಮತ್ತೆ ಒತ್ತಾಯಿಸುವ ಚಿತ್ರವೇ ಸ್ಮರಣೀಯವಾದ ಚಿತ್ರ.