ನಿಸ್ತಂತು ಲೋಕದ ನೀರಗಂಟಿ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ನೀರಗಂಟಿಯದಾಗಿತ್ತು. ತೂಬನ್ನು ಯಾವಾಗ ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಆತ ನಿರ್ಧರಿಸುತ್ತಿದ್ದನು. ಅದಕ್ಕಾಗಿ ಅವನು ಪ್ರತಿಯೊಂದು ಗದ್ದೆಯ ಸ್ಥಿತಿಯನ್ನೂ ಅರಿತಿರಬೇಕಾಗಿತ್ತು. ಕಾಲುವೆಯ ಕೊನೆಯಲ್ಲಿದ್ದ ರೈತನ ಅಳಲು ಅವನ ಕಿವಿಗೆ ಬೀಳದಿದ್ದರೆ ಆ ರೈತನ ಪೈರು ಒಣಗುತ್ತಿತ್ತು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಕೋಣನಕುಂಟೆ ತನ್ನ ಹೆಸರಿನಲ್ಲಿಯೇ ನೀರಿನ ನೆನಪನ್ನು ಉಳಿಸಿಕೊಂಡಿದೆ. ಕುಂಟೆ ಎಂದರೆ ಸಣ್ಣ ಕೆರೆ. ಇಂದು ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಕನಕಪುರ ರಸ್ತೆಯಲ್ಲಿ ವಾಹನಗಳ ಸಾಲು ಹರಿಯುತ್ತದೆ. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ರೈಲು ನಿಲ್ಲುತ್ತಿದೆ. ರೈಲಿನ ಪ್ರಯಾಣಿಕ, ಅಂಗಡಿಯ ವ್ಯಾಪಾರಿ, ಮನೆಯ ಒಳಕೋಣೆಯಲ್ಲಿ ಪಾಠ ಕೇಳುವ ವಿದ್ಯಾರ್ಥಿ - ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ. ಹತ್ತಿರದ ಗೋಪುರದ ಆಂಟೆನಾಗಳು ಇವರೆಲ್ಲರಿಗೂ ಸೇವೆ ಸಲ್ಲಿಸಬೇಕು. ಹಂಚಬೇಕಾದ ರೇಡಿಯೋ ಅಲೆಗಳಾದರೋ ಕೆರೆಯ ನೀರಿನಂತೆಯೇ ಪರಿಮಿತವಾದವು. ಯಾರಿಗೆ ಯಾವಾಗ ಸರದಿ ಎಂಬುದನ್ನು ನಿರ್ಧರಿಸುವ ನೀರಗಂಟಿಯ ಕೆಲಸವನ್ನು ಇಲ್ಲಿ ಗಣಕಯಂತ್ರ ಮಾಡುತ್ತದೆ. 4ಜಿ ವ್ಯವಸ್ಥೆಯಲ್ಲಿ ಈ ನಿರ್ಧಾರ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ, ಅಂದರೆ ಮಿಲಿಸೆಕೆಂಡಿಗೊಮ್ಮೆ ನಡೆಯುತ್ತದೆ.

ಗದ್ದೆಯ ತೇವ ಆರಲು ದಿನಗಳು ಬೇಕು. ರೇಡಿಯೋ ಅಲೆಯ ಮಾರ್ಗವಾದರೋ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಗೋಪುರದಿಂದ ಹೊರಟ ಅಲೆ ಕಟ್ಟಡಗಳಿಗೂ ವಾಹನಗಳಿಗೂ ತಾಗಿ, ಹಲವು ದಾರಿಗಳಲ್ಲಿ ಚದರಿ ಮೊಬೈಲನ್ನು ಸೇರುತ್ತದೆ. ಹೀಗೆ ಬಂದ ಅಲೆಗಳು ಒಂದೆಡೆ ಕೂಡಿ ಬಲಗೊಳ್ಳುತ್ತವೆ. ಇನ್ನೊಂದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಸೆಕೆಂಡಿಗೆ 200 ಕೋಟಿ ಬಾರಿ ಕಂಪಿಸುವ ಅಲೆಯ ಉದ್ದ ಸುಮಾರು 15 ಸೆಂಟಿಮೀಟರ್. ಇದರ ಅರ್ಧದಷ್ಟು ದೂರ ಸರಿದರೂ ಸಾಕು, ಸ್ಥಿತಿ ಬೇರೆಯಾಗಬಹುದು. ಸೆಕೆಂಡಿಗೆ ಒಂದು ಮೀಟರ್ ನಡೆಯುವವನು ಆ ದೂರವನ್ನು 75 ಮಿಲಿಸೆಕೆಂಡಿನಲ್ಲಿ ದಾಟುತ್ತಾನೆ. ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸಿನಲ್ಲಿರುವವನಿಗೆ 7.5 ಮಿಲಿಸೆಕೆಂಡ್ ಸಾಕು.

ಆದುದರಿಂದ ಮೊಬೈಲ್ ತನ್ನ ಸ್ಥಿತಿಯನ್ನು ಆಗಾಗ ಗೋಪುರಕ್ಕೆ ತಿಳಿಸುತ್ತಿರಬೇಕು. ಗೋಪುರ ಕಳುಹಿಸುವ ಗುರುತಿನ ಸಂಕೇತವನ್ನು ಅದು ಅಳೆದು, ತನ್ನ ಮಾರ್ಗದ ಗುಣಮಟ್ಟವನ್ನು ವರದಿ ಮಾಡುತ್ತದೆ. ಇದಕ್ಕೆ ಹಿಮ್ಮಾಹಿತಿ ಎಂದು ಹೆಸರು. 4ಜಿಯಲ್ಲಿ ಈ ಗುಣಮಟ್ಟವನ್ನು 0ಯಿಂದ 15ರವರೆಗಿನ ಒಂದು ಅಂಕದಿಂದ ಸೂಚಿಸುತ್ತಾರೆ. ಆದರೆ ವರದಿಯೂ ಅಲೆಯ ಮೇಲೆಯೇ ಸಾಗಬೇಕಲ್ಲವೆ? ನೂರಾರು ಮೊಬೈಲ್‌ಗಳು ಬಿಡುವಿಲ್ಲದೆ ವರದಿ ಒಪ್ಪಿಸಿದರೆ ಕೆಲಸಕ್ಕಿಂತ ವರದಿಯೇ ಹೆಚ್ಚಾಗುತ್ತದೆ. ಕಡಿಮೆ ಮಾಡಿದರೆ ಗೋಪುರ ಹಳಸಿದ ಸುದ್ದಿಯನ್ನು ನಂಬಿ ತಪ್ಪು ನಿರ್ಧಾರ ಕೈಗೊಳ್ಳುತ್ತದೆ.

ಆಂಟೆನಾಗಳು ಹಲವಾದಾಗ ಈ ತೊಡಕು ಇನ್ನೂ ಹೆಚ್ಚುತ್ತದೆ. ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಹಲವು ಮಾಹಿತಿಧಾರೆಗಳನ್ನು ಕಳುಹಿಸುವ ವಿಧಾನಕ್ಕೆ ಅಡಿಪಾಯ ಹಾಕಿದವರಲ್ಲಿ ಆರೋಗ್ಯಸ್ವಾಮಿ ಪಾಲರಾಜ್ ಪ್ರಮುಖರು. ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದ ಅವರು, ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಕೈಲಾತ್ ಅವರೊಡನೆ ಈ ವಿಧಾನವನ್ನು ರೂಪಿಸಿದರು. ಅದಕ್ಕೆ 1994ರಲ್ಲಿ ಪೇಟೆಂಟ್ ದೊರೆಯಿತು. 2014ರಲ್ಲಿ ಪಾಲರಾಜ್ ಅವರಿಗೆ ಮಾರ್ಕೋನಿ ಪ್ರಶಸ್ತಿ ಸಂದಿತು. ಇಂದಿನ ಗೋಪುರಗಳು ಹಲವು ಆಂಟೆನಾಗಳ ಅಲೆಗಳನ್ನು ಹೊಂದಿಸಿ, ಬೇರೆ ಬೇರೆ ದಿಕ್ಕಿನಲ್ಲಿರುವ ಮೊಬೈಲ್‌ಗಳಿಗೆ ಒಂದೇ ಕ್ಷಣದಲ್ಲಿ ಬೇರೆ ಬೇರೆ ಧಾರೆಗಳನ್ನು ಹಾಯಿಸಬಲ್ಲವು. ಆದರೆ ದಿಕ್ಕಿನ ವರದಿ ಒರಟಾಗಿದ್ದರೆ ಒಬ್ಬನ ಧಾರೆ ನೆರೆಯವನ ಮೇಲೂ ಬಿದ್ದು ಇಬ್ಬರ ಕೆಲಸವೂ ಕೆಡುತ್ತದೆ. ಬದು ಒಡೆದ ಗದ್ದೆಯ ನೀರು ಪಕ್ಕದ ಗದ್ದೆಗೆ ನುಗ್ಗಿದಂತೆ.

ಈ ಹಿಮ್ಮಾಹಿತಿಯನ್ನು ಉತ್ತಮಗೊಳಿಸಲು ವಿಜ್ಞಾನಿಗಳು ಹಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಗೋಪುರದ ಬಳಿಯೂ ಮೊಬೈಲಿನ ಬಳಿಯೂ ಒಂದೇ ಮಾದರಿಪಟ್ಟಿಯನ್ನು ಇರಿಸುವುದು ಮೊದಲನೆಯದು. ಆಗ ಮೊಬೈಲ್ ದೀರ್ಘ ವಿವರಣೆಯ ಬದಲು ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಹೇಳಿದರೆ ಸಾಕು. ಹಿಂದಿನ ವರದಿಗೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ತಿಳಿಸುವುದು ಎರಡನೆಯದು. ಮೂರನೆಯದು ಗೋಪುರವೇ ಮೊಬೈಲಿನ ಸಂಕೇತವನ್ನು ಆಲಿಸಿ ಮಾರ್ಗವನ್ನು ಊಹಿಸುವುದು. ಹೋಗುವ ಅಲೆ, ಬರುವ ಅಲೆ ಎರಡೂ ಒಂದೇ ಕಂಪನಾಂಕದವಾಗಿದ್ದರೆ ದಾರಿಯೂ ಒಂದೇ ಆಗಿರುತ್ತದೆ. 2022ರ ಅಕ್ಟೋಬರಿನಲ್ಲಿ ಭಾರತದಲ್ಲಿ ಆರಂಭವಾದ 5ಜಿ ಸೇವೆಯ 3.5 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳು ಈ ಬಗೆಯವು.

ನಾಲ್ಕನೆಯ ಉಪಾಯವೊಂದನ್ನೂ ಸಂಶೋಧಕರು ಸೂಚಿಸಿದ್ದಾರೆ. ಮಾರ್ಗದ ಗುಣಮಟ್ಟ ಒಂದು ಮಿತಿಯನ್ನು ಮೀರಿದ ಮೊಬೈಲ್ ಮಾತ್ರ ವರದಿ ಕಳುಹಿಸಲಿ, ಉಳಿದವು ಸುಮ್ಮನಿರಲಿ ಎಂಬುದೇ ಅದು. ಇದರಿಂದ ವರದಿಯ ಹೊರೆ ಬಹಳಷ್ಟು ಇಳಿಯುತ್ತದೆ. ಆದರೆ ಎಲ್ಲರಿಗೂ ಒಂದೇ ಮಿತಿಯನ್ನು ಗೊತ್ತುಪಡಿಸಿದರೆ ಗೋಪುರದ ಬಳಿಯಿರುವವರೇ ಸದಾ ಮಾತನಾಡುತ್ತಾರೆ. ದೂರದ ಒಳಕೋಣೆಯ ವಿದ್ಯಾರ್ಥಿಗೆ ಬಾಯಿ ತೆರೆಯುವ ಅವಕಾಶವೇ ದೊರೆಯದು. ಆದುದರಿಂದ ಪ್ರತಿಯೊಬ್ಬನನ್ನೂ ಅವನ ಸರಾಸರಿಯೊಡನೆಯೇ ಹೋಲಿಸಬೇಕು. ಒಬ್ಬನಿಗೆ ಇದುವರೆಗೆ ಸರಾಸರಿ 40 ಅಂಶ ವೇಗ ದೊರೆತಿದ್ದು, ಈಗಲೂ 40 ಅಂಶವೇ ಸಾಧ್ಯವಿದೆ ಎಂದು ಭಾವಿಸೋಣ. ಇನ್ನೊಬ್ಬನ ಸರಾಸರಿ 4. ಈಗ 6 ಸಾಧ್ಯವಿದೆ. ಮೊದಲನೆಯವನ ಪ್ರಮಾಣ 1, ಎರಡನೆಯವನದು 1.5. ಈ ಲೆಕ್ಕದಂತೆ ಸರದಿ ಎರಡನೆಯವನಿಗೆ ಸಲ್ಲುತ್ತದೆ. ಹೀಗೆ ಪ್ರತಿಯೊಬ್ಬನಿಗೂ ಅವನವನ ಮಾರ್ಗ ಚೆನ್ನಾಗಿರುವ ಗಳಿಗೆಯಲ್ಲಿ ಸೇವೆ ದೊರೆತು, ಅಲೆಯೂ ವ್ಯರ್ಥವಾಗದೆ, ದುರ್ಬಲನೂ ವಂಚಿತನಾಗದೆ ಉಳಿಯುತ್ತಾನೆ.

ಆಂಟೆನಾಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಸೇವೆ ಉತ್ತಮವಾಗುವುದಿಲ್ಲ. ಸುದ್ದಿ ಚಿಕ್ಕದಾಗಿರಬೇಕು, ಹೊಸದಾಗಿರಬೇಕು, ಕೊನೆಯವನಿಂದಲೂ ಬರುವಂತಿರಬೇಕು. ಹಂಚುವವನು ಯಂತ್ರವಾಗಲಿ ಮನುಷ್ಯನಾಗಲಿ, ಯಾರ ದನಿ ಅವನನ್ನು ತಲುಪುವುದಿಲ್ಲವೋ ಅವರ ಪಾಲು ಅವನ ಲೆಕ್ಕಕ್ಕೆ ಬರುವುದಿಲ್ಲ. ಕಾಲುವೆಯ ಕೊನೆಯ ಗದ್ದೆಯವರೆಗೂ ನಡೆದು ನೋಡಿಬರುತ್ತಿದ್ದ ಒಳ್ಳೆಯ ನೀರಗಂಟಿಗೆ ಇದು ತಿಳಿದಿತ್ತು.