ಡಬ್ಬಿಯ ತಿನಿಸಿನಲ್ಲಿ ಅಡಗಿರುವ ರಂಜಕ

ಓವನ್ನಿನಲ್ಲಿಟ್ಟ ಕೇಕು ಹೂವಿನಂತೆ ಉಬ್ಬುವುದೇಕೆ? ಸಂಸ್ಕರಿಸಿದ ಚೀಸು ಕಾಯಿಸಿದಾಗ ಜಿಡ್ಡು ಬಿಡದೆ ನಯವಾಗಿ ಕರಗುವುದೇಕೆ? ಕೋಲಾ ಪಾನೀಯಕ್ಕೆ ಆ ಚುರುಕಾದ ಹುಳಿ ಎಲ್ಲಿಂದ ಬಂತು? ಈ ಮೂರರ ಹಿಂದೆಯೂ ಸಾಮಾನ್ಯವಾಗಿ ಇರುವುದು ಒಂದೇ ಮೂಲವಸ್ತು. ಅದೇ ರಂಜಕ, ಎಂದರೆ ಫಾಸ್ಫರಸ್.

ಬೇಕಿಂಗ್ ಪೌಡರಿನಲ್ಲಿರುವ ಆಮ್ಲೀಯ ಫಾಸ್ಫೇಟು ಅಡುಗೆ ಸೋಡದೊಡನೆ ಸೇರಿ ಅನಿಲವನ್ನು ಹೊರಡಿಸುತ್ತದೆ, ಹಿಟ್ಟು ಉಬ್ಬುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿಯೇ ಇಂತಹ ಫಾಸ್ಫೇಟಿಗೆ ಪೇಟೆಂಟು ಪಡೆದಿದ್ದನು. ಚೀಸಿನಲ್ಲಿ ಅದು ಸುಣ್ಣಾಂಶವನ್ನು ಹಿಡಿದುಕೊಂಡು, ಕೊಬ್ಬು ಬೇರ್ಪಡದಂತೆ ಕಾಯುತ್ತದೆ. ಸಂಸ್ಕರಿಸಿದ ಮಾಂಸದಲ್ಲಿ ನೀರನ್ನು ಹಿಡಿದಿಡುತ್ತದೆ.

ಹಾಗಾದರೆ ಇದು ವಿಷವೆ? ಖಂಡಿತ ಅಲ್ಲ. ವಯಸ್ಕನ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದ್ದು, ಅದರ ಬಹುಭಾಗ ಮೂಳೆಗಳಲ್ಲಿಯೂ ಹಲ್ಲುಗಳಲ್ಲಿಯೂ ನೆಲೆಸಿದೆ. ಹಾಲು, ಬೇಳೆ, ರಾಗಿ, ಮೀನು ಇವೆಲ್ಲವೂ ಅದನ್ನು ಒದಗಿಸುತ್ತವೆ. ಆದರೆ ಒಂದು ಭೇದವುಂಟು. ಧಾನ್ಯ ಮತ್ತು ಬೇಳೆಗಳಲ್ಲಿನ ರಂಜಕದ ಹೆಚ್ಚಿನ ಅಂಶ ಬಂಧಿತವಾಗಿರುವುದರಿಂದ ಕರುಳು ಅದನ್ನು ಪೂರ್ಣವಾಗಿ ಹೀರಲಾರದು. ಕಾರ್ಖಾನೆಯಲ್ಲಿ ಬೆರೆಸಿದ ಫಾಸ್ಫೇಟಾದರೋ ಸುಲಭವಾಗಿ ಕರಗಿ ಬಹುಪಾಲು ರಕ್ತವನ್ನು ಸೇರುತ್ತದೆ.

ಯಾರಿಗೆ ಅಪಾಯ?

ಆರೋಗ್ಯವಂತರ ಮೂತ್ರಪಿಂಡಗಳು ಹೆಚ್ಚಾದ ರಂಜಕವನ್ನು ಹೊರಹಾಕುತ್ತವೆ. ಅವು ದುರ್ಬಲವಾದವರಲ್ಲಿ ಮಾತ್ರ ಅದು ರಕ್ತದಲ್ಲಿಯೇ ಉಳಿಯುತ್ತದೆ. ಆಗ ಮೈ ತುರಿಕೆ ಕಾಣಿಸಬಹುದು, ಮೂಳೆಗಳು ಸವೆಯುತ್ತವೆ, ರಕ್ತನಾಳಗಳ ಗೋಡೆಗಳಲ್ಲಿ ಸುಣ್ಣಾಂಶ ಸಂಗ್ರಹವಾಗಿ ಹೃದಯಕ್ಕೆ ಕೇಡು ತಟ್ಟುತ್ತದೆ.

ಇಂತಹವರಿಗೆ ಎಚ್ಚರಿಕೆಯಿಂದ ಲಾಭವುಂಟೆಂಬುದಕ್ಕೆ ನಿದರ್ಶನವಿದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಡಯಾಲಿಸಿಸ್ ಪಡೆಯುತ್ತಿದ್ದ 279 ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ ನಡೆಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ ಪೊಟ್ಟಣದ ಚೀಟಿ ಓದಿ ಫಾಸ್ಫೇಟು ಬೆರೆತ ತಿನಿಸುಗಳನ್ನು ಬಿಡುವುದನ್ನು ಕಲಿಸಲಾಯಿತು. ಮೂರು ತಿಂಗಳ ತರುವಾಯ ಅವರ ರಕ್ತದಲ್ಲಿನ ರಂಜಕ ಉಳಿದವರಿಗಿಂತ ಡೆಸಿಲೀಟರಿಗೆ 0.6 ಮಿಲಿಗ್ರಾಂ ಹೆಚ್ಚು ಇಳಿದಿತ್ತು.

ಮಿತಿ ಎಷ್ಟು?

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂ ರಂಜಕವೆಂದು ಮಿತಿ ಗೊತ್ತುಮಾಡಿತು. ಈ ಲೆಕ್ಕದಲ್ಲಿ 60 ಕಿಲೋ ತೂಗುವವರಿಗೆ 2,400 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ ಕೇವಲ 600. ಮಕ್ಕಳು ಈ ಮಿತಿಯನ್ನು ಮೀರುವ ಸಂಭವವುಂಟೆಂದೂ, ಮೂತ್ರಪಿಂಡ ಬಲಹೀನವಾದವರಿಗೆ ಈ ಮಿತಿ ಅನ್ವಯಿಸದೆಂದೂ ಪ್ರಾಧಿಕಾರವು ತಿಳಿಸಿದೆ.

ನಮ್ಮ ದೇಶದ ಪೊಟ್ಟಣಗಳ ಮೇಲೆ ರಂಜಕದ ಪ್ರಮಾಣವನ್ನು ಮುದ್ರಿಸಲೇಬೇಕೆಂಬ ನಿಯಮವಿಲ್ಲ. ಆದರೆ ಬೆರೆಸಿದ ವಸ್ತುವಿನ ಹೆಸರನ್ನೋ ಐ.ಎನ್.ಎಸ್. ಸಂಖ್ಯೆಯನ್ನೋ ಕೊಡಬೇಕು. 338 ಎಂದರೆ ಫಾಸ್ಫಾರಿಕ್ ಆಮ್ಲ. 339, 340, 341 ಕ್ರಮವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಫಾಸ್ಫೇಟುಗಳು. 450, 451, 452 ಅದೇ ಕುಲದವು.

ಮನೆಯಲ್ಲಿ ಮೂತ್ರಪಿಂಡದ ರೋಗಿಗಳಿದ್ದರೆ ಗೃಹಿಣಿಯರು ಈ ಏಳು ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗುವುದು ಲೇಸು. ಹಾಲು, ಬೇಳೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು. ಉಳಿದವರು ಎಂದೋ ಒಂದು ದಿನ ಕೇಕಿನ ತುಂಡನ್ನು ತಿಂದುದಕ್ಕಾಗಿ ಅಂಜಬೇಕಾಗಿಲ್ಲ. ಮಕ್ಕಳ ದಿನನಿತ್ಯದ ತಿಂಡಿ ಅಡುಗೆಮನೆಯಿಂದ ಬರುವಂತೆ ನೋಡಿಕೊಂಡರೆ ಸಾಕು.